ಹಿಮದ ಮೇಲೆ ಓಡಿಸಲು ಹಳೆಯ ಡರ್ಟ್ ಬೈಕ್ ಹುಡುಕುತ್ತಿರುವ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನೀನು ಕಳುಹಿಸಿದ ಬೈಕುಗಳ ಫೋಟೊಗಳನ್ನು ನೋಡಿದೆ. ಎಲ್ಲದರಲ್ಲೂ ಕಣ್ಣಿಗೆ ಹೊಡೆಯುವುದು ಹೊಸ ಟೈರು, ಬಣ್ಣದ ರಿಮ್ಮು, ದುಬಾರಿ ಹಿಂಬದಿ ಶಾಕ್ ಅಬ್ಸಾರ್ಬರ್. ಮಾರುವವರು ಬೆಲೆ ಏರಿಸಿರುವುದೂ ಅವುಗಳಿಗಾಗಿಯೇ. ಹಿಮದ ಕಿಟ್ ಕೂರಿಸುವಾಗ ಮೊದಲು ಬಿಚ್ಚಿ ಪಕ್ಕಕ್ಕಿಡುವುದು ಅವನ್ನೇ ಎಂಬುದು ನಿನಗೆ ನೆನಪಿರಲಿ. ಮುಂದಿನ ಚಕ್ರದ ಜಾಗಕ್ಕೆ ಸ್ಕೀ ಬರುತ್ತದೆ; ಹಿಂದಿನ ಚಕ್ರ, ಅದನ್ನು ಫ್ರೇಮಿಗೆ ಹಿಡಿದಿರುವ ಸ್ವಿಂಗ್‌ಆರ್ಮ್, ಶಾಕ್ ಎಲ್ಲ ಹೋಗಿ ರಬ್ಬರಿನ ಟ್ರ್ಯಾಕ್ ಕೂರುತ್ತದೆ. ಬೇಸಿಗೆಯಲ್ಲಿ ಮತ್ತೆ ಮಣ್ಣಿಗಿಳಿಸುವ ಯೋಚನೆ ಇಲ್ಲದಿದ್ದರೆ ಟೈರು ಬೋಳಾದ, ರಿಮ್ಮು ಸೊಟ್ಟಗಾದ, ಶಾಕ್‌ನಿಂದ ಎಣ್ಣೆ ಸೋರುವ ಬೈಕಿನಿಂದಲೇ ನಿನಗೆ ಲಾಭ. ಚೌಕಾಸಿಗೆ ಅದಕ್ಕಿಂತ ಒಳ್ಳೆಯ ನೆಪ ಸಿಗದು.

ಬೈಕ್ ಕೊಂಡ ಮೇಲೆ ಕಿಟ್ ಹುಡುಕಲು ಹೋಗಬೇಡ. ಕಿಟ್ ಟಿಂಬರ್‌ಸ್ಲೆಡ್ ಬ್ರ್ಯಾಂಡಿನದಾಗಲಿ ಯೇಟಿಯದಾಗಲಿ, ಟ್ರ್ಯಾಕ್ ಒಂದೇ ಇದ್ದರೂ ಅದನ್ನು ಬೈಕಿಗೆ ಜೋಡಿಸುವ ಭಾಗಗಳು, ಅಂದರೆ ಫಿಟ್ ಕಿಟ್, ಮಾದರಿಯಿಂದ ಮಾದರಿಗೆ ಬೇರೆ. ಒಂದೇ ಹೆಸರಿನ ಬೈಕಿನ ಫ್ರೇಮೂ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತದೆ. ಆದ್ದರಿಂದ ಯಾವ ಮಾದರಿಗೆ, ಯಾವ ವರ್ಷದ್ದಕ್ಕೆ ಫಿಟ್ ಕಿಟ್ ಸಿಗುತ್ತದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಬೈಕ್ ನೋಡಲು ಹೊರಡು. ಅಪರೂಪದ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ತಂದು ಶೆಡ್ಡಿನಲ್ಲಿ ಧೂಳು ಹಿಡಿಸಿದವರು ಬೇಕಾದಷ್ಟು ಜನ ಇದ್ದಾರೆ.

ನಿನ್ನ ಪಟ್ಟಿಯಲ್ಲಿರುವ 250 ಸಿಸಿ ಫೋರ್ ಸ್ಟ್ರೋಕ್ ಮಣ್ಣಿನಲ್ಲಿ ಚುರುಕಾದ ಗಾಡಿ, ಒಪ್ಪುತ್ತೇನೆ. ಆದರೆ ಎಂಜಿನ್ನಿನ ಶಕ್ತಿಯಲ್ಲಿ ಒಳ್ಳೆಯ ಪಾಲನ್ನು ಟ್ರ್ಯಾಕೇ ತಿಂದುಹಾಕುತ್ತದೆ. ಪುಡಿಹಿಮದಲ್ಲಿ ಏರು ಹತ್ತುವಾಗ ಥ್ರಾಟಲ್ ಪೂರ್ತಿ ತಿರುಗಿಸಿ ಹಿಡಿದೇ ಇರಬೇಕಾಗುತ್ತದೆ. ಎತ್ತರದ ಲೆಕ್ಕ ಬೇರೆ: ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಏರಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ತಪ್ಪಲಿನಲ್ಲಿ 50 ಅಶ್ವಶಕ್ತಿ ಕೊಡುವ 450 ಸಿಸಿ ಬೈಕ್ 3,000 ಮೀಟರ್ ಎತ್ತರದಲ್ಲಿ 35ರ ಆಸುಪಾಸಿಗೆ ಇಳಿದಿರುತ್ತದೆ. 250ರ ಪಾಡು ನೀನೇ ಊಹಿಸು. ಅದನ್ನು ಪಟ್ಟಿಯಿಂದ ಹೊಡೆದುಹಾಕು. 300 ಸಿಸಿ ಟೂ ಸ್ಟ್ರೋಕ್ ಬಗ್ಗೆ ನನ್ನದೇನೂ ತಕರಾರಿಲ್ಲ, ಆದರೂ ನಿನ್ನ ಮೊದಲ ಹಿಮದ ಬೈಕ್ 450 ಫೋರ್ ಸ್ಟ್ರೋಕೇ ಆಗಿರಲಿ.

ಅದರಲ್ಲೂ ಫ್ಯುಯೆಲ್ ಇಂಜೆಕ್ಷನ್ ಇರುವುದನ್ನೇ ನೋಡು. ಕಾರ್ಬ್ಯುರೇಟರಿಗೆ ಚಳಿ ಹೆಚ್ಚಿದಂತೆ ದೊಡ್ಡ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತು) ಬೇಕು, ಎತ್ತರ ಹೆಚ್ಚಿದಂತೆ ಚಿಕ್ಕದು ಬೇಕು. ಬೆಟ್ಟದಲ್ಲಿ ಎರಡೂ ಒಟ್ಟಿಗೇ ಬರುತ್ತವೆ. ಇಂಜೆಕ್ಷನ್ ಆದರೆ ಅದನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಹೋಂಡಾ ಸಿಆರ್‌ಎಫ್450ಆರ್ ಮತ್ತು ಕವಾಸಾಕಿ ಕೆಎಕ್ಸ್450ಎಫ್ 2009ರಲ್ಲಿ, ಯಮಹಾ ವೈಜೆಡ್450ಎಫ್ 2010ರಲ್ಲಿ ಇಂಜೆಕ್ಷನ್‌ಗೆ ಬಂದವು. ಸೆಲ್ಫ್ ಸ್ಟಾರ್ಟ್ ಬೇಕೆಂದರೆ ಹೋಂಡಾ, ಯಮಹಾಗಳಲ್ಲಿ 2018ರ ಮಾದರಿ, ಕವಾಸಾಕಿಯಲ್ಲಿ 2019ರದ್ದು ನೋಡಬೇಕು; ಕೆಟಿಎಂನಲ್ಲಿ ಅದು ಬಹಳ ಮೊದಲೇ ಇತ್ತು. ಇದನ್ನು ಶೋಕಿ ಎನ್ನಬೇಡ. ಸೊಂಟದವರೆಗೆ ಹಿಮದಲ್ಲಿ ಹೂತು ನಿಂತಾಗ ಕಿಕ್ ಹೊಡೆಯಲು ಕಾಲಿಗೆ ನೆಲವೇ ಸಿಗುವುದಿಲ್ಲ.

ಈಗ ಬೈಕ್ ಎದುರಿಗೆ ನಿಂತಾಗ ಏನು ಮಾಡಬೇಕೆಂದು ಹೇಳುತ್ತೇನೆ. ನೀನು ಬರುವವರೆಗೆ ಸ್ಟಾರ್ಟ್ ಮಾಡಬಾರದೆಂದು ಮಾರುವವನಿಗೆ ಮೊದಲೇ ತಿಳಿಸಿರು. ಹೋದ ಕೂಡಲೇ ಸಿಲಿಂಡರಿನ ಮೇಲೆ ಅಂಗೈ ಇಡು. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾನೆಂದು ಶಂಕಿಸು. ವಾಲ್ವಿನ ಸಂದು ಬಿಗಿದ ಎಂಜಿನ್ ತಣ್ಣಗಿದ್ದಾಗಲೇ ಹಟ ಮಾಡುವುದು. ಆಮೇಲೆ ಸೀಟು ಬಿಚ್ಚಿಸಿ ಏರ್ ಫಿಲ್ಟರ್ ತೆಗೆ. ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯ ಒಳಗೋಡೆಯನ್ನು ಬೆರಳಿನಿಂದ ಸವರಿ, ಆ ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡು. ಮರಳು ಮರಳಾಗಿ ತಗುಲಿದರೆ ಆ ಎಂಜಿನ್ ದೂಳು ಕುಡಿದಿದೆ, ರಿಂಗು, ವಾಲ್ವು ಸವೆದಿರುತ್ತವೆ. ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ಲೆಕ್ಕವಿಡುವ ಮೀಟರಿನಲ್ಲಿ ಎಷ್ಟೇ ಕಡಿಮೆ ಗಂಟೆ ತೋರಿಸಲಿ, ಧನ್ಯವಾದ ಹೇಳಿ ವಾಪಸು ಬಾ. ಮೀಟರ್ ಬದಲಿಸುವುದು ಕಷ್ಟವಲ್ಲ. ಬೂಟು ಉಜ್ಜಿ ಬಣ್ಣ ಹೋದ ಫ್ರೇಮ್, ಕಾಲಿಡುವಲ್ಲಿ ಹಲ್ಲು ಸವೆದ ಫುಟ್‌ಪೆಗ್ ಸುಳ್ಳು ಹೇಳುವುದಿಲ್ಲ.

ಹೆಚ್ಚಿನವರು ನೋಡದೆ ಬಿಡುವುದು ಸ್ವಿಂಗ್‌ಆರ್ಮಿನ ಉದ್ದನೆಯ ಬೋಲ್ಟನ್ನು. ಕಿಟ್ಟಿನ ಭಾರವೆಲ್ಲ ಕೂರುವುದು ಅಲ್ಲಿ ಮತ್ತು ಶಾಕ್‌ನ ಮೇಲ್ತುದಿ ಹಿಡಿದಿರುವ ಕಡೆ. ಗ್ರೀಸ್ ಕಾಣದ ಬೈಕಿನಲ್ಲಿ ಆ ಬೋಲ್ಟು ತುಕ್ಕು ಹಿಡಿದು ಒಳಗೇ ಕಚ್ಚಿಕೊಂಡುಬಿಟ್ಟಿರುತ್ತದೆ, ಗರಗಸ ತರದೆ ಬರುವುದಿಲ್ಲ. ನಟ್ಟು ಸಡಿಲಿಸಿ ಬೋಲ್ಟು ಒಂದಿಂಚಾದರೂ ಜಾರುತ್ತದೆಯೇ ತೋರಿಸು ಎಂದು ಕೇಳು. ಶಾಕ್ ಹಿಡಿದಿರುವ ಜಾಗದ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಟಾರ್ಚ್ ಹಾಕಿ ನೋಡು. ಫೋರ್ಕ್, ಹ್ಯಾಂಡಲಿನ ಬೇರಿಂಗು, ಕ್ಲಚ್ಚು ಯಾವುದೇ ಹಳೆಯ ಬೈಕಿನಲ್ಲಿ ನೋಡುವಂತೆಯೇ. ಫ್ರೇಮಿನ ನಂಬರು ಕಾಗದಪತ್ರಕ್ಕೆ ತಾಳೆಯಾಗದಿದ್ದರೆ ಮಾತೇ ಬೇಡ.

ಎಂಜಿನ್ ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ ಎಂದರ್ಥ. ಮಣ್ಣಿನ ಬೈಕಿನಲ್ಲಿ ಅದಕ್ಕೆ ಸಾಮಾನ್ಯವಾಗಿ ವಾಟರ್ ಪಂಪಿನ ಸೀಲು ಕಾರಣ. ಆಗಲೇ ಹಿಮದಲ್ಲಿ ಓಡಿದ ಬೈಕಾದರೆ, ಎಂಜಿನ್ ಬಿಸಿಯೇರದೆ ಒಳಗಿನ ತೇವ ಆರಿಹೋಗದಿದ್ದರೂ ಹಾಗಾಗುತ್ತದೆ. ಹೆಚ್ಚಿನ ಮೊಟೊಕ್ರಾಸ್ ಬೈಕುಗಳಲ್ಲಿ ಎಂಜಿನ್ನನ್ನು ಬೆಚ್ಚಗಿಡುವ ಥರ್ಮೋಸ್ಟಾಟ್ ಇರುವುದಿಲ್ಲವಾದ್ದರಿಂದ ಅದನ್ನು ಹಾಕಿಸುವ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಸೇರಿಸು. ಹಿಮಕುಸಿತದಲ್ಲಿ ಹೂತವರನ್ನು ಹುಡುಕಲು ಬೇಕಾದ ಟ್ರಾನ್ಸ್‌ಸೀವರ್ (ಸಂಕೇತ ಕಳಿಸಿ ಪತ್ತೆಹಚ್ಚುವ ರೇಡಿಯೊ), ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆಗಳಿಗೆ ದುಡ್ಡು ಎತ್ತಿಟ್ಟ ಮೇಲೆ ಉಳಿದದ್ದರಲ್ಲಿ ಬೈಕ್ ಕೊಳ್ಳಬೇಕು. ಈ ವಿಷಯದಲ್ಲಿ ನಿನ್ನೊಂದಿಗೆ ವಾದಕ್ಕೆ ಬರುವುದಿಲ್ಲ.

ನೀಲಿ ಯಮಹಾದ ಫೋಟೊದಲ್ಲಿ ಸೆಲ್ಫ್ ಸ್ಟಾರ್ಟ್ ಬಟನ್ ಇದ್ದಂತೆ ಕಂಡಿತು. ಅದು ಯಾವ ವರ್ಷದ್ದೆಂದು ಕೇಳು, ಸ್ವಿಂಗ್‌ಆರ್ಮಿನ ಬೋಲ್ಟಿನ ಹತ್ತಿರದ ಫೋಟೊ ತರಿಸಿಕೊಂಡು ನನಗೂ ಕಳುಹಿಸು. ಅಲ್ಲಿಯವರೆಗೆ ಮುಂಗಡ ಕೊಡಬೇಡ.

ನಿನ್ನ ಸೋದರಮಾವ