ಕರಿಬೇವಿನ ಮೇಲಿನ ಹಿಕ್ಕೆ

ಮೂಡಿಗೆರೆ
ಭಾನುವಾರ

ಪುಟ್ಟೀ,

ನೀನು ಕಳಿಸಿದ ಫೋಟೋ ನೋಡಿ ನಾನೂ ಅಪ್ಪನೂ ನಕ್ಕಿದ್ದೇ ನಕ್ಕಿದ್ದು. ನಿನ್ನ ಕುಂಡದ ಕರಿಬೇವಿನ ಮೇಲಿರುವುದು ಹಕ್ಕಿ ಹಿಕ್ಕೆ ಅಲ್ಲ ಕಣೇ, ಚಿಟ್ಟೆಯ ಮರಿಹುಳ. ಕಂದು ಮೈ, ನಡುವೆ ಸುಣ್ಣ ತಾಗಿದ ಹಾಗೆ ಬಿಳಿ, ಮೇಲೆ ಒದ್ದೆ ಒದ್ದೆ ಹೊಳಪು. ಹಿಕ್ಕೆಯನ್ನು ಯಾವ ಹಕ್ಕಿ ತಿನ್ನುತ್ತದೆ ಹೇಳು? ದೊಡ್ಡದಾದ ಮೇಲೆ ಆ ವೇಷ ನಡೆಯುವುದಿಲ್ಲ, ಅಷ್ಟು ದಪ್ಪ ಹಿಕ್ಕೆ ಎಲ್ಲಿರುತ್ತದೆ! ಆಗ ಪೊರೆ ಬಿಟ್ಟು ಎಲೆಹಸಿರು ಬಣ್ಣಕ್ಕೆ ತಿರುಗುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟು, ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಬರುತ್ತದೆ. ಜೊತೆಗೆ ಗಬ್ಬು ವಾಸನೆ.

ಕಂಬಳಿಹುಳದ ಬಗ್ಗೆ ನಿನಗೆ ಬೇರೆ ಹೇಳಬೇಕಾ? ಎರಡನೇ ಕ್ಲಾಸಿನಲ್ಲಿ ನುಗ್ಗೆಮರಕ್ಕೆ ಒರಗಿ ನಿಂತವಳು ನೀನು. ಕೂದಲು ಮುರಿದು ಚರ್ಮದಲ್ಲೇ ಉಳಿದು, ಬೆನ್ನೆಲ್ಲ ದದ್ದು.

ನಾನು ಬರೆಯಲು ಕೂತದ್ದು ಇನ್ನೊಂದು ಹುಳದ ಕಥೆ. ಹೋದ ವರ್ಷ ನಮ್ಮ ರೋಬಸ್ಟಾ ಕಾಫಿಗೆ ಹಿಟ್ಟುತಿಗಣೆ ಬಿದ್ದಿತ್ತಲ್ಲ, ರಸ ಹೀರುವ ಆ ಬಿಳಿ ಪುಟ್ಟ ಹುಳ, ಗೊಂಚಲೆಲ್ಲ ಬೆಳ್ಳಗೆ. ಅದನ್ನು ತಿನ್ನಲಿ ಅಂತ ಒಂದು ಜಾತಿ ಗುಲಗಂಜಿ ಹುಳ ತಂದು ಬಿಟ್ಟೆವು. 1898ರಲ್ಲೇ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ಬಂದ ಜಾತಿ. ಸ್ವಲ್ಪ ದಿನ ಬಿಟ್ಟು ನೋಡಿದರೆ ತಿಗಣೆಗಳ ನಡುವೆ ಇನ್ನೂ ದಪ್ಪದವು ಕೂತಿವೆ, ಮೈ ತುಂಬ ಬಿಳಿ ಮೇಣದ ಎಳೆ. ತಿಗಣೆಯೇ ಕೊಬ್ಬಿದೆ ಅಂತ ಹೆಬ್ಬೆರಳಲ್ಲಿ ಒಂದೊಂದಾಗಿ ಹೊಸಕಿದೆ. ಒಂದು ಗಿಡ ಪೂರ್ತಿ! ಕೊನೆಗೆ ಒಂದು ಸರಸರ ಓಡಿತು. ಹಿಟ್ಟುತಿಗಣೆಗೆ ಆ ಓಟ ಎಲ್ಲಿಂದ ಬರಬೇಕು? ನಾನು ಕೊಂದದ್ದು ದುಡ್ಡು ಕೊಟ್ಟು ತಂದ ಹುಳದ ಮರಿಗಳನ್ನೇ. ಅಪ್ಪನಿಗೆ ಇವತ್ತಿಗೂ ಹೇಳಿಲ್ಲ, ನೀನೂ ಹೇಳಬೇಡ.

ಆ ಮೇಣ ಸುಮ್ನೆ ವೇಷಕ್ಕಲ್ಲ. ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅವನ್ನು ದನ ಕಾದ ಹಾಗೆ ಕಾಯುತ್ತವೆ. ತಿನ್ನಲು ಬಂದವರನ್ನು ಅಟ್ಟುತ್ತವೆ. ಅವತ್ತು ಕೈ ಒರೆಸಿಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದೆ. ಒಂದು ಇರುವೆ ಬಂದು ಮರಿಯನ್ನು ಕಚ್ಚಿತು. ಬಾಯಿಗೆ ಸಿಕ್ಕಿದ್ದು ಬರೀ ಮೇಣ. ಹಿಂದೆ ಸರಿದು, ಮುಂಗಾಲಲ್ಲಿ ಬಾಯಿ ಉಜ್ಜಿಕೊಂಡಿತು, ಮತ್ತೆ ಉಜ್ಜಿಕೊಂಡಿತು. ಅಷ್ಟರಲ್ಲಿ ಮರಿ ಪಕ್ಕದ ತಿಗಣೆಗೆ ಬಾಯಿ ಹಾಕಿ ಆಗಿತ್ತು.

ನಿನ್ನ ಕುಂಡದ ಹುಳವನ್ನು ಹೊಸಕಬೇಡ. ಒಗ್ಗರಣೆಗೆ ಎಲೆ ಸಾಲದಿದ್ದರೆ ಹೇಳು, ಶನಿವಾರದ ಬಸ್ಸಿಗೆ ಒಂದು ಕಟ್ಟು ಕಳಿಸುತ್ತೇನೆ.

ಅಮ್ಮ