ಮಗಳಿಗೊಂದು ಪತ್ರ: ಆ 11ರ ಫ್ಯಾನ್ ಬಗ್ಗೆ

ಮಗಾ,

ಮೊನ್ನೆ ಫೋನಿನಲ್ಲಿ ನಾನು ಹಾಗೆ ಕೂಗಬಾರದಿತ್ತು. ನೀನು ಖುಷಿಯಲ್ಲಿ "ಅಪ್ಪಯ್ಯ, ಎಂಜಿನ್‌ಗೆ ಹೊಸ ಫ್ಯಾನ್ ತಂದೆ, 11ರ ಪಿಚ್, ಖಾಲಿ ದೋಣಿ ಹಾರ್ತದೆ" ಅಂದೆ. ನೀರಿನಲ್ಲಿ ತಿರುಗಿ ದೋಣಿ ತಳ್ಳುವ ಆ ಫ್ಯಾನಿನ (ಪ್ರೊಪೆಲ್ಲರಿನ) ಮಾತು ಕೇಳಿ ನಾನು ಬೈದು ಫೋನ್ ಇಟ್ಟೆ. ಸಾಲ ಮಾಡಿ ಎಂಜಿನ್ ತಗೊಂಡದ್ದಕ್ಕೆ ಸಿಟ್ಟು ಅಂತ ಅಮ್ಮ ಅಂದುಕೊಂಡಿದ್ದಾಳೆ. ಅದಲ್ಲ.

ಭಾನುವಾರ ಹೊನ್ನಾವರದಲ್ಲಿ ಎಂಟು ಜನರನ್ನು ಕೂರಿಸಿಕೊಂಡು ಶರಾವತಿಗೆ ಇಳಿಯುತ್ತೀಯ. ಫೋನಿನಲ್ಲಿ ಹೇಳಲು ಹೋದರೆ ಮತ್ತೆ ನನ್ನ ಸ್ವರ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಗಂಗೊಳ್ಳಿ ಅಳಿವೆಯ ಆ ಸಂಜೆ ನಿನಗೆ ನೆನಪಿದೆ, ಪೂರ್ತಿ ಹೇಳುವುದಿಲ್ಲ. ದಸರಾ ರಜೆ, ನೀನು ಆರನೇ ಕ್ಲಾಸು. ನಿನಗೆ ಗೊತ್ತಿಲ್ಲದ್ದು ಒಂದಿದೆ. ಹಿಂದಿನ ದಿನವಷ್ಟೇ ನಾನು ಹಳೆಯ 9ರ ಫ್ಯಾನ್ ಬಿಚ್ಚಿ 11ರದ್ದು ಹಾಕಿದ್ದೆ. ಬೆಳಿಗ್ಗೆ ಖಾಲಿ ದೋಣಿ ಎಲ್ಲರಿಗಿಂತ ಮುಂದೆ ಓಡಿತು, ನೀನು ಚಪ್ಪಾಳೆ ತಟ್ಟಿದೆ. ಸಂಜೆ ದೋಣಿ ತುಂಬ ಬಂಗುಡೆ. ಅಳಿವೆ ಬಾಗಿಲಲ್ಲಿ ಹಿಂದಿನಿಂದ ತೆರೆ ಎದ್ದಾಗ ಪೂರ್ತಿ ಆಕ್ಸಿಲೇಟರ್ ತಿರುಗಿಸಿದೆ. ಎಂಜಿನ್ ಏರಲಿಲ್ಲ. ಯಾರೋ ಗಂಟಲು ಹಿಡಿದ ಹಾಗೆ ಒಂದೇ ಸ್ವರದಲ್ಲಿ ಗೊರಗುಟ್ಟಿತು. ಆ ಸ್ವರ ಈಗಲೂ ಕೇಳುತ್ತದೆ. ತೆರೆ ನಮ್ಮನ್ನು ಹಿಡಿಯಿತು, ದೋಣಿಯ ಹಿಂದಿನ ಅಂಚು ಹತ್ತಿ ನೀರು ಒಳಗೆ ಬಂತು. ನಿನ್ನ ಮೊಣಕಾಲವರೆಗೂ ಬಂತು. ನೀನು ಅಳಲಿಲ್ಲ, ಡಬ್ಬಿಯಲ್ಲಿ ನೀರು ಎತ್ತಿ ಹಾಕುತ್ತಲೇ ಇದ್ದೆ, ಒಂದು ಸಲ ಮಾತ್ರ ತಿರುಗಿ ನನ್ನ ಮುಖ ನೋಡಿದೆ. ಆ ಒಂದು ನೋಟ ಇಷ್ಟು ವರ್ಷ ನನ್ನನ್ನು ಬಿಟ್ಟಿಲ್ಲ. ಎರಡನೇ ತೆರೆ ಬರುವ ಮೊದಲು ಒಳಗೆ ಸೇರಿದೆವು, ಅಷ್ಟೇ.

ಬಂದರಿನಲ್ಲಿ ಎಲ್ಲರಿಗೂ ಕಾರ್ಬೊರೇಟರ್‌ನಲ್ಲಿ ಕಸ ಕೂತಿತ್ತು ಅಂದೆ. ನಿನಗೂ ಅದನ್ನೇ ಹೇಳಿದೆ. ಸುಳ್ಳು ಮಗಾ. ಕಾರ್ಬೊರೇಟರ್ ಸರಿಯಿತ್ತು, ಫ್ಯಾನ್ ಆರಿಸುವಲ್ಲಿ ನಾನು ತಪ್ಪಿದ್ದೆ. ಕ್ಷಮಿಸು. ಅವತ್ತೇ ನಿಜ ಹೇಳಿದ್ದರೆ ನೀನು ಇವತ್ತು 11 ತರುತ್ತಲೇ ಇರಲಿಲ್ಲ.

ಫ್ಯಾನ್ ಮೇಲೆ 9¼ × 11 ಅಂತ ಇದೆ ಅಲ್ವಾ? ಮೊದಲನೆಯದು ಫ್ಯಾನ್ ಸುತ್ತುವ ವೃತ್ತದ ಅಗಲ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಮರಕ್ಕೆ ಸ್ಕ್ರೂ ತಿರುಗಿಸಿದ ಹಾಗೆ, ಒಂದು ಸುತ್ತಿಗೆ ಎಷ್ಟು ಮುಂದೆ ಹೋಗಬೇಕೋ ಅದು ಪಿಚ್. ನೀರು ಮರದಷ್ಟು ಗಟ್ಟಿ ಅಲ್ಲ, ಸ್ವಲ್ಪ ಜಾರುತ್ತದೆ. ಪಿಚ್ ಜಾಸ್ತಿ ಆದರೆ ಖಾಲಿ ದೋಣಿಗೆ ವೇಗ, ತುಂಬಿದ ದೋಣಿಗೆ ಆಗುಂಬೆ ಘಾಟಿಯನ್ನು ಟಾಪ್ ಗೇರಿನಲ್ಲಿ ಹತ್ತಿಸಿದ ಹಾಗೆ. ಎಂಜಿನ್ ಉಸಿರುಗಟ್ಟುತ್ತದೆ, ಬಿಸಿಯಾಗುತ್ತದೆ, ಕಾರ್ಬನ್ ಕಟ್ಟುತ್ತದೆ.

ಹಾಗಾಗಿ ಭಾನುವಾರಕ್ಕೆ ಮೊದಲು ಎಂಟು ಜನರ ತೂಕ ಹಾಕಿ ನೋಡು. ಮರಳಿನ ಚೀಲ ಇಟ್ಟರೂ ಸಾಕು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವ, ಪ್ಲಗ್ ವೈರಿಗೆ ಸುತ್ತುವ ಸಣ್ಣ ಆರ್‌ಪಿಎಂ ಮೀಟರ್ ಸಿಗುತ್ತದೆ, ಅದನ್ನು ಹಾಕಿ ಪೂರ್ತಿ ಆಕ್ಸಿಲೇಟರ್ ಕೊಡು. ಎಷ್ಟು ಬರಬೇಕು ಅಂತ ನಿನ್ನ ಎಂಜಿನ್ನಿನ ಪುಸ್ತಕದಲ್ಲಿ ಇರುತ್ತದೆ, ಬಹಳ ಫೋರ್‌ಸ್ಟ್ರೋಕ್‌ಗಳಿಗೆ 5000ದಿಂದ 6000. ಅದಕ್ಕಿಂತ ಕೆಳಗೇ ನಿಂತರೆ ಪಿಚ್ ಇಳಿಸು, ಅಂದರೆ ಕಡಿಮೆ ಪಿಚ್ಚಿನ ಫ್ಯಾನ್ ಹಾಕು. ಒಂದಿಂಚು ಇಳಿಸಿದರೆ 150ರಿಂದ 200 ಏರುತ್ತದೆ, ಸಣ್ಣ ಎಂಜಿನ್‌ಗೆ ಇನ್ನೂ ಸ್ವಲ್ಪ ಜಾಸ್ತಿ. ಮೀರಿ ಓಡಿದರೆ ಪಿಚ್ ಏರಿಸು, ಅದೂ ಎಂಜಿನ್‌ಗೆ ಒಳ್ಳೆಯದಲ್ಲ.

ಸ್ಟೀಲ್ ಫ್ಯಾನಿನ ಆಸೆ ಈಗ ಬೇಡ. ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ನೀರು ಆಳ ಇಲ್ಲ, ಮರಳು, ಬೇರು ತಾಗುತ್ತದೆ. ಅಲ್ಯೂಮಿನಿಯಂ ಆದರೆ ರೆಕ್ಕೆ ಬಾಗುತ್ತದೆ, ಒಳಗಿನ ಗೇರ್ ಉಳಿಯುತ್ತದೆ. ವಾರಕ್ಕೊಮ್ಮೆ ಫ್ಯಾನ್ ಬಿಚ್ಚು. ಬಲೆಯ ನೈಲಾನ್ ನೂಲು ಶಾಫ್ಟಿಗೆ ಸುತ್ತಿಕೊಂಡರೆ ಆಯಿಲ್ ಸೀಲ್ ಕತ್ತರಿಸುತ್ತದೆ, ಗೇರ್ ಆಯಿಲ್ ಹಾಲಿನ ಹಾಗೆ ಬೆಳ್ಳಗಾದರೆ ನೀರು ಹೊಕ್ಕಿದೆ ಅಂತಲೇ ಲೆಕ್ಕ. ಜನ ಎಷ್ಟೇ ಗೊಣಗಿದರೂ ಲೈಫ್ ಜಾಕೆಟ್ ಹಾಕಿಸದೆ ಹಗ್ಗ ಬಿಚ್ಚಬೇಡ. ನೀನು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರ ನಿನ್ನ ಕೈಗೆ ಕಟ್ಟಿಕೋ.

ನಿನ್ನೆ ಬಂದರಿನಲ್ಲಿ ಒಬ್ಬರು "ಹೆಣ್ಣು ಹುಡುಗಿ ದೋಣಿ ಓಡಿಸ್ತಾಳಂತಾ?" ಅಂದರು. ನನಗಿಂತ ಚೆನ್ನಾಗಿ ಓಡಿಸುತ್ತಾಳೆ ಅಂದೆ. ಇದನ್ನು ನಿನಗೆ ನೇರವಾಗಿ ಯಾವತ್ತೂ ಹೇಳಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ನನ್ನ 9ರ ಫ್ಯಾನ್ ಕಳಿಸುತ್ತೇನೆ, ಅದೇ ಚೀಲದಲ್ಲಿ ಅಮ್ಮನ ಒಣಸಿಗಡಿ ಚಟ್ನಿಯೂ ಇದೆ. ನಿನ್ನದೂ ನನ್ನದೇ ಕಂಪನಿಯ ಎಂಜಿನ್, ಶಾಫ್ಟಿನ ಹಲ್ಲು ಹೊಂದಬೇಕು. ಹಲ್ಲು ಎಣಿಸಿ ನೋಡು, ಹೊಂದದಿದ್ದರೆ ಬಡಿದು ಕೂರಿಸಬೇಡ. ಗ್ರೀಸ್ ಹಚ್ಚು, ವಾಷರ್ ಇದ್ದ ಹಾಗೆಯೇ ಹಾಕು, ಸ್ಪ್ಲಿಟ್ ಪಿನ್ ಹೊಸದು ಚೀಲದಲ್ಲಿದೆ. ತೂಕ ಹಾಕಿ ಓಡಿಸಿದ ಮೇಲೆ ಫೋನ್ ಮಾಡು. ಮೊದಲು ಆರ್‌ಪಿಎಂ ಎಷ್ಟು ಬಂತು ಅಂತ ನನಗೆ ಹೇಳು, ಆಮೇಲೆ ಫೋನ್ ಅಮ್ಮನಿಗೆ ಕೊಡುತ್ತೇನೆ.

ನಿನ್ನ ಅಪ್ಪಯ್ಯ