ಕ್ಯಾಮೆರಾ ಹೊಸದು, ಎಡಿಟಿಂಗ್ ಕಂಪ್ಯೂಟರ್ ಹಳೆಯದು

ಮಾನ್ಯ ಸಂಪಾದಕರೇ,

ಮದುವೆ ಮುಗಿದು ಮೂರು ತಿಂಗಳಾದರೂ ವಿಡಿಯೊ ಕೈಗೆ ಬಂದಿಲ್ಲ ಎಂಬ ದೂರು ಈಗ ಹಾಸನ ಜಿಲ್ಲೆಯ ಯಾವ ಊರಿಗೆ ಹೋದರೂ ಕೇಳಿಬರುತ್ತಿದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಹಾಸನದಲ್ಲಿ ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವಗಳ ವಿಡಿಯೊಗಳನ್ನು ಎಡಿಟ್ ಮಾಡಿಕೊಂಡು ಬಂದಿರುವ ನಾನು ಆ ದೂರನ್ನು ಸುಳ್ಳೆನ್ನಲಾರೆ. ಆದರೆ ವಿಳಂಬಕ್ಕೆ ಎಡಿಟರುಗಳ ಉದಾಸೀನವೇ ಕಾರಣವೆಂದು ಎಲ್ಲರೂ ತೀರ್ಮಾನಿಸಿಬಿಟ್ಟಿರುವುದರಿಂದ, ನಿಜವಾದ ಕಾರಣವನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ವೈಶಾಖದಲ್ಲಿ ಅರಕಲಗೂಡು ಕಡೆಯ ಒಂದು ಮದುವೆಯ ಕೆಲಸ ನನ್ನ ಬಳಿ ಬಂತು. ಚಿತ್ರೀಕರಿಸಿದ ಹುಡುಗ ಸಾಲ ಮಾಡಿ ಹೊಸ ಮಿರರ್‌ಲೆಸ್ ಕ್ಯಾಮೆರಾ ಕೊಂಡಿದ್ದ. ಮೆಮೊರಿ ಕಾರ್ಡುಗಳನ್ನು ಕಾಪಿ ಮಾಡಿಕೊಂಡು ನನ್ನ ಕಂಪ್ಯೂಟರಿನಲ್ಲಿ ತೆರೆದರೆ ಪರದೆ ಪೂರ್ತಿ ಕಪ್ಪು. ವಾಲಗದ ಸದ್ದು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಧಾರೆ ಎರೆಯುತ್ತಿದ್ದಾರೆ, ಪುರೋಹಿತರು ಮಂತ್ರ ಹೇಳುತ್ತಿದ್ದಾರೆ, ಗಟ್ಟಿಮೇಳ ಮೊಳಗುತ್ತಿದೆ, ಕಣ್ಣಿಗೆ ಕಾಣುವುದು ಮಾತ್ರ ಏನೂ ಇಲ್ಲ. ನನ್ನ ಕಂಪ್ಯೂಟರ್ 2012ರದು, ಅದರಲ್ಲಿರುವುದು ವಿಂಡೋಸ್ 7, ಎಡಿಟಿಂಗ್ ಸಾಫ್ಟ್‌ವೇರ್ ಕೂಡ ಅದೇ ಕಾಲದ್ದು. ಕ್ಯಾಮೆರಾ ದಾಖಲಿಸಿದ್ದು ಎಚ್.265 ಎಂಬ ಕೋಡೆಕ್‌ನಲ್ಲಿ, ಅಂದರೆ ವಿಡಿಯೊವನ್ನು ಕುಗ್ಗಿಸಿ ಬರೆದಿಡುವ ಒಂದು ಕ್ರಮದಲ್ಲಿ. ಆ ಕೋಡೆಕ್‌ನ ಮಾನದಂಡಕ್ಕೆ ಮೊದಲ ಒಪ್ಪಿಗೆ ದೊರೆತದ್ದೇ 2013ರಲ್ಲಿ. ತಾನು ತಯಾರಾದ ಮೇಲೆ ಹುಟ್ಟಿದ ಭಾಷೆಯನ್ನು ಆ ಸಾಫ್ಟ್‌ವೇರ್ ಓದಲಿಲ್ಲವೆಂದು ಅದರ ಮೇಲೆ ಸಿಟ್ಟಾಗಿ ಪ್ರಯೋಜನವಿರಲಿಲ್ಲ.

ಇದರ ಹಿಂದಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ. ನಾವು ಮಿನಿ ಡಿವಿ ಟೇಪುಗಳಲ್ಲಿ ಕೆಲಸ ಮಾಡುತ್ತಿದ್ದಾಗ ಒಂದು ಚಿತ್ರಚೌಕಟ್ಟಿನ, ಅಂದರೆ ಫ್ರೇಮಿನ, ಅಳತೆ 720 ಗುಣಿಸು 576 ಚುಕ್ಕೆಗಳು, ಅಂದರೆ ಸುಮಾರು 4.15 ಲಕ್ಷ. ಇಂದಿನ 4ಕೆ ಚೌಕಟ್ಟಿನಲ್ಲಿ 3840 ಗುಣಿಸು 2160, ಅಂದರೆ ಸುಮಾರು 83 ಲಕ್ಷ ಚುಕ್ಕೆಗಳು. ಸರಿಯಾಗಿ ಇಪ್ಪತ್ತು ಪಟ್ಟು. ಆದರೂ ಒಂದು ಗಂಟೆಯ ಡಿವಿ ಟೇಪು ಕಂಪ್ಯೂಟರಿನಲ್ಲಿ ಸುಮಾರು 13 ಜಿಬಿ ಜಾಗ ಹಿಡಿಯುತ್ತಿದ್ದರೆ, ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ದಾಖಲಾದ ಒಂದು ಗಂಟೆಯ 4ಕೆ ಫೂಟೇಜ್ ಹಿಡಿಯುವುದು 45 ಜಿಬಿ. ಚುಕ್ಕೆಗಳು ಇಪ್ಪತ್ತು ಪಟ್ಟಾದರೂ ಜಾಗ ನಾಲ್ಕು ಪಟ್ಟನ್ನೂ ಮುಟ್ಟಿಲ್ಲ. ಈ ಉಳಿತಾಯದ ಬೆಲೆಯನ್ನು ಯಾರೋ ಒಬ್ಬರು ತೆರಲೇಬೇಕಲ್ಲ, ಅದನ್ನು ತೆರುವುದು ಎಡಿಟಿಂಗ್ ಕಂಪ್ಯೂಟರಿನ ಪ್ರೊಸೆಸರ್.

ಹಾಸನದ ಆಲೂಗಡ್ಡೆ ಮಂಡಿಯ ದಾಸ್ತಾನು ಪುಸ್ತಕವನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಗೋದಾಮಿನಲ್ಲಿ ಒಟ್ಟು ಎಷ್ಟು ಮೂಟೆ ಇವೆಯೆಂದು ಪ್ರತಿದಿನವೂ ಎಣಿಸಿ ಬರೆದಿಟ್ಟರೆ ಯಾವ ದಿನದ ಪುಟ ತೆರೆದರೂ ಉತ್ತರ ಅಲ್ಲೇ ಸಿಗುತ್ತದೆ. ಪುಸ್ತಕ ಮಾತ್ರ ದಪ್ಪವಾಗುತ್ತದೆ. ಅದರ ಬದಲು ತಿಂಗಳಿಗೊಮ್ಮೆ ಪೂರ್ತಿ ಎಣಿಸಿ, ಉಳಿದ ದಿನಗಳಲ್ಲಿ ಬಂದದ್ದೆಷ್ಟು ಹೋದದ್ದೆಷ್ಟು ಎಂದಷ್ಟೇ ಗುರುತು ಹಾಕಿದರೆ ಪುಸ್ತಕ ತೆಳುವಾಗುತ್ತದೆ, ಆದರೆ ಇಪ್ಪತ್ತೇಳನೇ ತಾರೀಖಿನ ದಾಸ್ತಾನು ಬೇಕಾದಾಗ ಒಂದನೇ ತಾರೀಖಿನಿಂದ ಕೂಡಿ ಕಳೆದು ಬರಬೇಕಾಗುತ್ತದೆ. ಡಿವಿ ಮೊದಲನೆಯ ಬಗೆಯ ಪುಸ್ತಕ; ಅಲ್ಲಿ ಪ್ರತಿ ಫ್ರೇಮೂ ತನ್ನಷ್ಟಕ್ಕೆ ಪೂರ್ಣ. ಇಂದಿನ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಎಚ್.264 ಮತ್ತು ಎಚ್.265 ಎರಡನೆಯ ಬಗೆಯವು. ಎಡಿಟರ್ ಟೈಮ್‌ಲೈನ್ ಮೇಲೆ, ಅಂದರೆ ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯ ಮೇಲೆ, ಹಿಂದಕ್ಕೂ ಮುಂದಕ್ಕೂ ಎಳೆದಾಡುವಾಗ, ಒಂದೊಂದು ಫ್ರೇಮಿಗೂ ಅದರ ಹಿಂದುಮುಂದಿನ ಹಲವು ಫ್ರೇಮುಗಳ ಲೆಕ್ಕವನ್ನು ಯಂತ್ರ ಅರೆಗಳಿಗೆಯಲ್ಲಿ ಬಿಡಿಸಬೇಕು. ಹಳೆಯ ಯಂತ್ರ ಅಲ್ಲಿಯೇ ಉಸಿರುಗಟ್ಟಿ ನಿಲ್ಲುತ್ತದೆ.

ಇದನ್ನು ಅರಿಯದೆ ನಾನು ಮೊದಲು ಮಾಡಿದ್ದು ಒಂದು ದಂಡದ ಖರ್ಚು. ಕಂಪ್ಯೂಟರ್ ಅಂಗಡಿಯೊಂದರವರ ಮಾತು ಕೇಳಿ ಹೊಸ ಹಾರ್ಡ್ ಡಿಸ್ಕ್ ಹಾಕಿಸಿದೆ. ಫಲ ಏನೂ ದೊರೆಯಲಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ ಹನ್ನೆರಡೂವರೆ ಮೆಗಾಬೈಟ್. ಹತ್ತು ವರ್ಷದ ಹಿಂದಿನ ಡಿಸ್ಕ್ ಕೂಡ ಅದಕ್ಕಿಂತ ಎಷ್ಟೋ ವೇಗವಾಗಿ ಓದಬಲ್ಲದು ಎಂಬ ಗುಣಾಕಾರವನ್ನು ಮನೆಯಲ್ಲಿ ಕುಳಿತು ಮಾಡಿದ್ದರೆ ಆ ಹಣ ಉಳಿಯುತ್ತಿತ್ತು. ಅಂಗಡಿಯವರನ್ನು ದೂರಲಾರೆ. ಅವರಿಗೆ ಕಂಪ್ಯೂಟರ್ ಗೊತ್ತು, ವಿಡಿಯೊ ಗೊತ್ತಿಲ್ಲ. ನನಗೆ ವಿಡಿಯೊ ಗೊತ್ತು, ಕಂಪ್ಯೂಟರ್ ಅಷ್ಟಕ್ಕಷ್ಟೇ.

ಹೊಸ ಯಂತ್ರ ಕೊಳ್ಳಲು ಹೊರಟವರಿಗೂ ಇಲ್ಲಿ ಎಡವುವ ಕಲ್ಲುಗಳಿವೆ. ಎಚ್.265ರ ಲೆಕ್ಕ ಬಿಡಿಸಲೆಂದೇ ಇರುವ ಭಾಗವು ಇಂಟೆಲ್ ಪ್ರೊಸೆಸರುಗಳಲ್ಲಿ ಆರನೇ ತಲೆಮಾರಿನಿಂದ ಬಂದಿತಾದರೂ ಅದು 8 ಬಿಟ್ ಫೂಟೇಜಿಗೆ ಸೀಮಿತವಾಗಿತ್ತು (ಬಿಟ್ ಹೆಚ್ಚಿದಷ್ಟೂ ಬಣ್ಣದ ಮೆಟ್ಟಿಲುಗಳು ಹೆಚ್ಚು). 10 ಬಿಟ್ ಏಳನೇ ತಲೆಮಾರಿಗೆ ಸೇರಿತು. ಬಣ್ಣದ ವಿವರ ಹೆಚ್ಚಿರುವ 4:2:2 ಬಗೆಯ 10 ಬಿಟ್ ಫೂಟೇಜನ್ನು ಬಿಡಿಸುವ ಶಕ್ತಿ ಡೆಸ್ಕ್‌ಟಾಪ್‌ಗಳಿಗೆ ದೊರೆತದ್ದು 2021ರ ಹನ್ನೊಂದನೇ ತಲೆಮಾರಿನಲ್ಲಿ. ಅರಕಲಗೂಡಿನ ಹುಡುಗನ ಕ್ಯಾಮೆರಾ ದಾಖಲಿಸಿದ್ದು ಇದೇ ಕೊನೆಯ ಬಗೆಯನ್ನು. ಈ ಭಾಗ ಇರುವುದು ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ನಲ್ಲಿ. ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿರುವ ಪ್ರೊಸೆಸರುಗಳಲ್ಲಿ ಆ ಗ್ರಾಫಿಕ್ಸ್ ಇರುವುದೇ ಇಲ್ಲ. ಸ್ವಲ್ಪ ಹಣ ಉಳಿಯಿತೆಂದು ಅದನ್ನೇ ಕೊಂಡು, ಉಳಿದ ಹಣಕ್ಕೆ ಮತ್ತಷ್ಟು ಸೇರಿಸಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡವರನ್ನು ಬಲ್ಲೆ. ಎನ್‌ವಿಡಿಯಾ ಕಾರ್ಡುಗಳಿಗೂ 2025ರ 50ರ ಸರಣಿ ಬರುವವರೆಗೆ 4:2:2 ಬಿಡಿಸುವ ಸಾಮರ್ಥ್ಯ ಇರಲಿಲ್ಲವಾದ್ದರಿಂದ, ಲಕ್ಷದ ಮೇಲೆ ಸುರಿದ ಮೇಲೂ ಫೂಟೇಜ್ ತಡವರಿಸುವುದನ್ನು ಕಂಡು ಅವರು ತಲೆಯ ಮೇಲೆ ಕೈ ಹೊತ್ತು ಕುಳಿತರು.

ಆ ಮದುವೆಯ ಕೆಲಸವನ್ನು ಮುಗಿಸಿದ್ದು ಹೇಗೆಂದು ಹೇಳಬೇಕು. ಫೂಟೇಜನ್ನು ನನ್ನ ಸಾಫ್ಟ್‌ವೇರ್ ಓದಬಲ್ಲ ರೂಪಕ್ಕೆ ಬದಲಿಸಿಕೊಳ್ಳುವುದೊಂದೇ ದಾರಿಯಾಗಿತ್ತು. ನನ್ನ ಯಂತ್ರದಲ್ಲಿಯೇ ಪ್ರಯತ್ನಿಸಿದಾಗ ಒಂದು ಗಂಟೆಯ ಫೂಟೇಜಿಗೆ ನಾಲ್ಕು ಗಂಟೆಗೂ ಮೀರಿ ಹಿಡಿಯಿತು. ನಡುವೆ ಕರೆಂಟ್ ಹೋಗಿ ಯುಪಿಎಸ್ಸಿನ ಬ್ಯಾಟರಿಯೂ ಕೈಕೊಟ್ಟಾಗ ಆ ಫೈಲನ್ನು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಕೊನೆಗೆ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗನ ಲ್ಯಾಪ್‌ಟಾಪ್ ಎರವಲು ತಂದು, ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಿಂದ ಎಲ್ಲವನ್ನೂ ಫುಲ್ ಎಚ್‌ಡಿ ಅಳತೆಯ ಡಿಎನ್‌ಎಕ್ಸ್‌ಎಚ್‌ಡಿಗೆ ಬದಲಿಸಿಕೊಂಡೆ. ಇದು ಮಂಡಿಯ ಮೊದಲನೆಯ ಬಗೆಯ ಪುಸ್ತಕದಂಥದ್ದು: ಸೆಕೆಂಡಿಗೆ 120 ಮೆಗಾಬಿಟ್‌ನ ದರದಲ್ಲಿ ಗಂಟೆಗೆ 54 ಜಿಬಿ ಜಾಗ ನುಂಗುತ್ತದೆ, ಆದರೆ ಪ್ರತಿ ಫ್ರೇಮೂ ಪೂರ್ಣವಾಗಿರುವುದರಿಂದ ಹದಿಮೂರು ವರ್ಷದ ಯಂತ್ರದಲ್ಲೂ ಟೈಮ್‌ಲೈನ್ ನೀರಿನಂತೆ ಹರಿಯಿತು. ದಂಡಕ್ಕೆ ಕೊಂಡಿದ್ದ ಹಾರ್ಡ್ ಡಿಸ್ಕ್ ಆಗ ಉಪಯೋಗಕ್ಕೆ ಬಂತೆಂಬುದು ಬೇರೆ ಮಾತು.

ಮೂಲ ಫೂಟೇಜನ್ನು ತೆರೆಯುವಷ್ಟಾದರೂ ಹೊಸದಾದ ಸಾಫ್ಟ್‌ವೇರ್ ಇದ್ದು ಯಂತ್ರ ಮಾತ್ರ ನಿಧಾನವಾಗಿದ್ದರೆ ಇಷ್ಟು ಜಾಗವೂ ಬೇಕಿಲ್ಲ. ಪ್ರಾಕ್ಸಿ ಎಂಬ ಚಿಕ್ಕ ನಕಲುಗಳನ್ನು ಮಾಡಿಕೊಂಡು, ಅವುಗಳ ಮೇಲೆ ಎಡಿಟ್ ಮುಗಿಸಿ, ಎಕ್ಸ್‌ಪೋರ್ಟ್ ಮಾಡುವಾಗ ಮೂಲ ಫೈಲುಗಳಿಗೆ ಜೋಡಿಸಿದರಾಯಿತು. ಉಚಿತವಾಗಿ ದೊರೆಯುವ ಶಾಟ್‌ಕಟ್ ಮತ್ತು ಕೆಡೆನ್‌ಲೈವ್‌ಗಳಲ್ಲೂ ಈ ಅನುಕೂಲವಿದೆ. ಫೈಲುಗಳ ಹೆಸರನ್ನು ನಡುವೆ ಬದಲಿಸಬಾರದು ಎಂಬುದೊಂದೇ ಕಟ್ಟುನಿಟ್ಟು. ನಮ್ಮಲ್ಲಿ ಕಾಪಿ ಮಾಡಿದ ಕೂಡಲೇ ‘ಮುಹೂರ್ತ 1’, ‘ಊಟ 2’ ಎಂದು ಹೆಸರಿಡುವ ಅಭ್ಯಾಸ ಬಲವಾಗಿರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಆದರೆ ಇವೆಲ್ಲವೂ ಮಳೆ ಬಂದ ಮೇಲೆ ಮಾಡು ಹೊದೆಸುವ ಕೆಲಸ. ನನ್ನ ಮುಖ್ಯ ಅಹವಾಲು ಚಿತ್ರೀಕರಣ ಮಾಡುವವರಲ್ಲಿ: ಮದುವೆ ಮನೆಗೆ ಹೊರಡುವ ಮುನ್ನ, ಈ ಫೂಟೇಜನ್ನು ಎಡಿಟ್ ಮಾಡುವವರು ಯಾರು, ಅವರ ಯಂತ್ರ ಯಾವುದು ಎಂದು ಒಂದು ಫೋನ್ ಮಾಡಿ ಕೇಳಬೇಕು. ಮಿರರ್‌ಲೆಸ್ ಕ್ಯಾಮೆರಾಗಳ ಮೆನುವಿನಲ್ಲಿ ಸಾಮಾನ್ಯವಾಗಿ ಫುಲ್ ಎಚ್‌ಡಿ ಅಳತೆ, ಎಚ್.264, 8 ಬಿಟ್ ಎಂಬ ಆಯ್ಕೆ ಇದ್ದೇ ಇರುತ್ತದೆ. ಸೆಕೆಂಡಿಗೆ 50 ಮೆಗಾಬಿಟ್‌ನಲ್ಲಿ ದಾಖಲಿಸಿದರೆ ಗಂಟೆಗೆ ಇಪ್ಪತ್ತೆರಡೂವರೆ ಜಿಬಿ. ಗಿರಾಕಿ ಕೊನೆಗೆ ನೋಡುವುದು ಮೊಬೈಲಿನಲ್ಲಿ, ಇಲ್ಲವೇ ಪೆನ್ ಡ್ರೈವ್ ಚುಚ್ಚಿದ ಟಿವಿಯಲ್ಲಿ. ಅವರಿಗೆ ಕೊಡುವುದೇ ಫುಲ್ ಎಚ್‌ಡಿ ಆಗಿರುವಾಗ ಆರೇಳು ಗಂಟೆಯ ಊಟದ ಪಂಕ್ತಿಯನ್ನೂ ಉಡುಗೊರೆ ಕೊಡುವವರ ಸಾಲನ್ನೂ 4ಕೆಯಲ್ಲಿ ತುಂಬಿಸಿ ತರುವುದರ ಅರ್ಥ ನನಗೆ ತಿಳಿದಿಲ್ಲ. ಜೋಡಿಯ ಹೊರಾಂಗಣ ಚಿತ್ರೀಕರಣಕ್ಕೋ ಹೈಲೈಟ್ಸ್‌ಗೋ ಹತ್ತು ನಿಮಿಷ 4ಕೆ ಬೇಕೆನಿಸಿದರೆ ಧಾರಾಳವಾಗಿ ಬಳಸಲಿ.

ಲಾಗ್ ಪ್ರೊಫೈಲ್ ಎಂಬ ಇನ್ನೊಂದು ಗೀಳಿದೆ. ಬಣ್ಣವನ್ನು ಆಮೇಲೆ ತಿದ್ದಿಕೊಳ್ಳಲು ಅನುಕೂಲವಾಗಲೆಂದು ಚಿತ್ರವನ್ನು ಮಾಸಲಾಗಿ ದಾಖಲಿಸುವ ಈ ಕ್ರಮ, ತಿದ್ದುವ ಯಂತ್ರ ಮತ್ತು ತಿದ್ದುವ ಕಣ್ಣು ಎರಡೂ ಇದ್ದಾಗ ಸೊಗಸೇ. ಅರಕಲಗೂಡಿನ ಹುಡುಗ ಮದುವೆ ಮನೆಯಲ್ಲೇ ಕೆಲವು ತುಣುಕುಗಳನ್ನು ಹಾಗೆಯೇ ತೋರಿಸಿಬಿಟ್ಟಿದ್ದನಂತೆ. ಹುಡುಗಿಯ ಅಜ್ಜಿ ನನಗೆ ಫೋನ್ ಮಾಡಿ, “ಅರಿಶಿನ ಶಾಸ್ತ್ರದ ಅರಿಶಿನವೇ ಬೂದಿ ಹಾಗೆ ಕಾಣುತ್ತಲ್ಲಪ್ಪ, ಏನಾಗಿದೆ?” ಎಂದು ಕೇಳಿದರು. 10 ಬಿಟ್‌ನಲ್ಲಿ ಒಂದೊಂದು ಬಣ್ಣಕ್ಕೆ 1024 ಮೆಟ್ಟಿಲುಗಳಿದ್ದರೆ 8 ಬಿಟ್‌ನಲ್ಲಿ ಇರುವುದು 256. ಲಾಗ್‌ನಲ್ಲಿ ದಾಖಲಿಸಿದ್ದನ್ನು ಹಳೆಯ ಯಂತ್ರಕ್ಕಾಗಿ 8 ಬಿಟ್‌ಗೆ ಇಳಿಸಿ, ಆಮೇಲೆ ಬಣ್ಣ ಎಳೆಯಲು ಹೋದರೆ ಮಂಟಪದ ಹಿಂದಿನ ಪರದೆಯ ಮೇಲೆ ಪಟ್ಟೆ ಪಟ್ಟೆಗಳು ಮೂಡುತ್ತವೆ. ಹಳೆಯ ಯಂತ್ರಕ್ಕೆ ಹೋಗುವ ಫೂಟೇಜಾದರೆ ಸಾಮಾನ್ಯ ಬಣ್ಣದಲ್ಲಿಯೇ ಚಿತ್ರೀಕರಿಸುವುದು ಲೇಸು.

ಫ್ರೇಮ್ ದರದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್‌ನದು. ಸೆಕೆಂಡಿಗೆ 25 ಅಥವಾ 50 ಫ್ರೇಮ್‌ನಲ್ಲಿ, ಐವತ್ತನೇ ಒಂದು ಸೆಕೆಂಡಿನ ಶಟರ್‌ನಲ್ಲಿ ಚಿತ್ರೀಕರಿಸಿದರೆ ಕಲ್ಯಾಣ ಮಂಟಪದ ಟ್ಯೂಬ್‌ಲೈಟುಗಳ ಮಿನುಗಾಟ ಸಾಮಾನ್ಯವಾಗಿ ತಪ್ಪುತ್ತದೆ. ಒಂದು ಕ್ಯಾಮೆರಾ 25ರಲ್ಲಿ, ಇನ್ನೊಂದು 30ರಲ್ಲಿ, ಅದರ ಜೊತೆಗೆ ಫ್ರೇಮ್ ದರವೇ ಕ್ಷಣಕ್ಷಣಕ್ಕೂ ಏರುಪೇರಾಗುವ ಸೋದರಮಾವನ ಮೊಬೈಲಿನ ವಿಡಿಯೊ ಇವನ್ನೆಲ್ಲ ಒಂದೇ ಟೈಮ್‌ಲೈನಿನಲ್ಲಿ ಹಾಕಿದರೆ ಹಳೆಯ ಸಾಫ್ಟ್‌ವೇರಿನಲ್ಲಿ ಬಾಯಿಗೂ ಮಾತಿಗೂ ತಾಳ ತಪ್ಪುತ್ತದೆ. ಮೊಬೈಲಿನ ವಿಡಿಯೊವನ್ನು ಮೊದಲು ಸ್ಥಿರ ಫ್ರೇಮ್ ದರಕ್ಕೆ ಬದಲಿಸಿಕೊಳ್ಳುವುದು ಬಿಟ್ಟರೆ ಬೇರೆ ಉಪಾಯವಿಲ್ಲ.

ಹಾಗಿದ್ದರೆ ಹಳೆಯ ಯಂತ್ರವನ್ನು ಗುಜರಿಗೆ ಹಾಕಿ ಹೊಸದನ್ನೇ ಏಕೆ ಕೊಳ್ಳಬಾರದೆಂದು ಕೇಳುವವರಿದ್ದಾರೆ. ಲಗ್ನಗಳಿರುವ ತಿಂಗಳುಗಳ ದುಡಿಮೆಯಲ್ಲೇ ಆಷಾಢವನ್ನೂ ಧನುರ್ಮಾಸವನ್ನೂ ದಾಟಬೇಕಾದ ಕಸುಬು ನಮ್ಮದು. ಒಮ್ಮೆ ಹಣ ಕೊಟ್ಟು ಕೊಂಡರೆ ಮುಗಿಯಿತು ಎಂಬ ಕಾಲವೂ ಹೋಯಿತು. ಪ್ರೀಮಿಯರ್‌ನಂಥ ಸಾಫ್ಟ್‌ವೇರಿನ ಹೊಸ ಆವೃತ್ತಿಗಳು 2013ರಿಂದ ಚಂದಾ ಕಟ್ಟಿದವರಿಗಷ್ಟೇ ಸಿಗುತ್ತಿವೆ. ಕಳ್ಳ ಪ್ರತಿ ಹಾಕಿಕೊಂಡು ನಡೆಸುವವರು ನಮ್ಮಲ್ಲಿ ಇಲ್ಲವೆಂದು ಹೇಳಿದರೆ ಸುಳ್ಳಾದೀತು, ಅದನ್ನು ಸಮರ್ಥಿಸಲಾರೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲೂ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತಿರುವುದರಿಂದ ಹಳೆಯ ಎಡಿಟಿಂಗ್ ಯಂತ್ರವನ್ನು ಇಂಟರ್‌ನೆಟ್‌ನಿಂದ ದೂರವಿಡುವುದು ಕ್ಷೇಮ. ನಾನು ನನ್ನದರ ಕೇಬಲ್ಲನ್ನೇ ಕಿತ್ತಿಟ್ಟಿದ್ದೇನೆ.

ಇನ್ನೊಂದು ಕಾರಣ ನನ್ನ ಸ್ವಂತದ್ದು. ಶ್ರವಣಬೆಳಗೊಳದಲ್ಲಿ 2006ರಲ್ಲಿ ನಡೆದ ಮಹಾಮಸ್ತಕಾಭಿಷೇಕದ ಸಮಯದಲ್ಲಿ ಚಿತ್ರೀಕರಿಸಿದ ಮಿನಿ ಡಿವಿ ಟೇಪುಗಳು ನನ್ನ ಬೀರುವಿನಲ್ಲಿವೆ. ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಫೈರ್‌ವೈರ್ ಎಂಬ ಜೋಡಣೆ ಬೇಕು; ಈಗ ಅಂಗಡಿಗಳಲ್ಲಿ ಸಿಗುವ ಕಂಪ್ಯೂಟರುಗಳಲ್ಲಿ ಅದು ಇರುವುದಿಲ್ಲ, ನನ್ನ ಹಳೆಯ ಯಂತ್ರದಲ್ಲಿದೆ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಹಿಡಿಯುತ್ತದೆ. ಜಿಲ್ಲೆಯ ಅದೆಷ್ಟೋ ಮನೆಗಳಲ್ಲಿ, ತೀರಿಹೋದ ಹಿರಿಯರ ದನಿಯಿರುವ ಇಂಥ ಟೇಪುಗಳು ಬೂಸ್ಟು ಹಿಡಿಯುತ್ತಾ ಕುಳಿತಿವೆ. ಹೊಸ ಯಂತ್ರ ಕೊಂಡವರು ಹಳೆಯದನ್ನು ಮಾರಿಬಿಡುವ ಮುನ್ನ ಈ ಟೇಪುಗಳನ್ನು ಇಳಿಸಿಕೊಂಡು ಮುಗಿಸಲಿ ಎಂದು ಬೇಡುತ್ತೇನೆ.

ಕ್ಯಾಮೆರಾ ಮಾರುವವರು ಪೆಟ್ಟಿಗೆ ಕೈಗಿಡುವಾಗ, ಈ ಕ್ಯಾಮೆರಾದ ಫೂಟೇಜ್ ಎಡಿಟ್ ಮಾಡಲು ಎಂಥ ಕಂಪ್ಯೂಟರ್ ಬೇಕು ಎಂಬ ಎರಡು ಸಾಲನ್ನು ಕನ್ನಡದಲ್ಲಿ ಬರೆದುಕೊಟ್ಟರೆ ಸಾಲ ಮಾಡುವ ಹುಡುಗರಿಗೆ ತಮ್ಮ ಸಾಲ ನಿಜವಾಗಿ ಎಷ್ಟೆಂದು ಮೊದಲೇ ತಿಳಿಯುತ್ತದೆ. ಜಿಲ್ಲೆಯ ಸರ್ಕಾರಿ ಪಾಲಿಟೆಕ್ನಿಕ್ ಮತ್ತು ಐಟಿಐಗಳಲ್ಲಿ, ಕೆಲಸ ಕಡಿಮೆಯಿರುವ ಆಷಾಢದಲ್ಲಿ, ಕೋಡೆಕ್, ಪ್ರಾಕ್ಸಿ, ಫ್ರೇಮ್ ದರ ಇಷ್ಟನ್ನೇ ಹಿಡಿದು ಎರಡು ದಿನದ ತರಬೇತಿಯನ್ನು ಕನ್ನಡದಲ್ಲಿ ನಡೆಸುವಂತೆ ಸಂಬಂಧಪಟ್ಟವರು ಏರ್ಪಾಡು ಮಾಡಬೇಕು. ಹೊಸ ಕಂಪ್ಯೂಟರುಗಳನ್ನು ತರಿಸುವ ಅಗತ್ಯವಿಲ್ಲ. ಬರುವವರು ತಮ್ಮ ತಮ್ಮ ಹಳೆಯ ಯಂತ್ರಗಳನ್ನೇ ಹೊತ್ತು ತರಲಿ. ನನ್ನದನ್ನು ನಾನು ತರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಮದುವೆ ವಿಡಿಯೊ ಎಡಿಟರ್, ಹಾಸನ